ಭಜನೆಯ ಲಯಕ್ಕೆ ಸಿಕ್ಕ ನೀಹಾರಿಕೆ

ಔರಂಗಾಬಾದಿನ ಹೆಣ್ಣುಮಕ್ಕಳ ಕಾಲೇಜೊಂದರ ಮಾಳಿಗೆಯ ಮೇಲೆ ಒಂದು ಕೋಣೆಯಿತ್ತು. ಮುರಿದ ಬೆಂಚುಗಳನ್ನು ತುಂಬಿಟ್ಟಿದ್ದಷ್ಟು ಕಾಲ ಅದು ಯಾರಿಗೂ ಬೇಕಾಗಿರಲಿಲ್ಲ. ೧೯೭೭ರ ಫೆಬ್ರುವರಿಯಲ್ಲಿ ಬೆಂಚುಗಳನ್ನು ಹರಾಜು ಹಾಕಿ ಕೋಣೆ ಖಾಲಿ ಮಾಡಿದ್ದೇ ತಡ, ಅದು ಒಟ್ಟಿಗೇ ಇಬ್ಬರಿಗೆ ಬೇಕಾಯಿತು. ಒಬ್ಬಳು ಭೌತಶಾಸ್ತ್ರ ಕಲಿಸುವ ವಾರಿಜಾಕ್ಷಿ, ಇನ್ನೊಬ್ಬಳು ಆಟ ಕಲಿಸುವ ಸರೋಜಿನಿ. ಕೋಣೆಯ ಚಾವಣಿಯಲ್ಲಿ ಅರ್ಧಭಾಗ ತಗಡು. ಅದನ್ನು ಸರಿಸಲು ಬರುವಂತೆ ಮಾಡಿದರೆ ಆಕಾಶ ನೋಡುವ ಕೋಣೆಯಾಗುತ್ತದೆ ಎಂಬುದು ವಾರಿಜಾಕ್ಷಿಯ ಆಸೆ. ನೆಲ ಸಮತಟ್ಟಾಗಿದೆ, ಗಾಳಿ ನುಗ್ಗುವುದಿಲ್ಲ, ಟೇಬಲ್ ಟೆನಿಸ್ ಮೇಜು ಹಾಕಲು ಹೇಳಿ ಮಾಡಿಸಿದ ಜಾಗ ಎಂಬುದು ಸರೋಜಿನಿಯ ವಾದ.

ಇಡೀ ಸ್ಟಾಫ್ ರೂಮಿನಲ್ಲಿ ಕನ್ನಡದವರು ಇವರಿಬ್ಬರೇ. ವಾರಿಜಾಕ್ಷಿಯ ತಂದೆ ಕರಾವಳಿಯಿಂದ ಬಂದು ನಾಸಿಕದಲ್ಲಿ ಹೋಟೆಲು ಇಟ್ಟವರು, ಸರೋಜಿನಿ ಧಾರವಾಡದವಳು. ಮಧ್ಯಾಹ್ನದ ಡಬ್ಬಿಯನ್ನು ಹಂಚಿಕೊಂಡು ತಿನ್ನುತ್ತಲೇ ಇಬ್ಬರೂ ಕೋಣೆಗಾಗಿ ಜಗಳವಾಡುತ್ತಿದ್ದರು.

"ಏನ್ರಿ ವಾರಿಜಾಕ್ಷಿ, ಆಕಾಶ ನೋಡಾಕ ಕೋಣಿ ಯಾಕ್ರಿ? ಹೊರಗ ನಿಂತು ಕತ್ತ ಎತ್ತಿದ್ರ ಆತಲ್ಲ."

"ನಿಮ್ಮ ಆಟಕ್ಕೂ ಒಂದು ಮೇಜು ಇದ್ದರೆ ಆಯ್ತಲ್ಲ. ಕೋಣೆ ಯಾಕೆ?"

"ಗಾಳಿಗೆ ಚೆಂಡು ಹಾರತೈತ್ರಿ. ನಿಮ್ಮ ಆಕಾಶದಾಗಿನ ಚಿಕ್ಕಿ ಹಾರತಾವೇನು?"

"ಹಾರ್ತಾವೆ. ನನ್ನ ಕಷ್ಟವೇ ಅದು," ಎಂದಳು ವಾರಿಜಾಕ್ಷಿ.

ಕೊನೆಗೆ ಪ್ರಿನ್ಸಿಪಾಲ್ ಸುಶೀಲಾಬಾಯಿ ಇಬ್ಬರನ್ನೂ ಕರೆಸಿದರು. ಇಪ್ಪತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವರು. ಮಾತು ಕಡಿಮೆ, ಅದೂ ಅಳತೆಗಾಜಿನಲ್ಲಿ ಅಳೆದು ಸುರಿದ ಹಾಗೆ. "ಆಟದ ಮೇಜು ಆಗಲೇ ಬಂದು ವರಾಂಡದಲ್ಲಿ ಬಿದ್ದಿದೆ. ಅದು ಕಣ್ಣಿಗೆ ಕಾಣುತ್ತದೆ," ಎಂದು ಮರಾಠಿಯಲ್ಲಿ ಹೇಳಿದರು. "ನಿನ್ನ ಆಕಾಶದ ಕೆಲಸ ನನಗೆ ಕಾಣುತ್ತಿಲ್ಲ, ವಾರಿಜಾ. ಬರುವ ಸೋಮವಾರದ ಒಳಗೆ ನಮ್ಮ ಕಾಲೇಜಿನ ಸಾಮಾನು ಬಳಸಿ ತೆಗೆದ ಒಂದು ಒಳ್ಳೆಯ ಫೋಟೋ ತಂದು ತೋರಿಸು. ಕೋಣೆ ನಿನ್ನದು. ಇಲ್ಲವಾದರೆ ಮೇಜು ಮೇಲೆ ಹೋಗುತ್ತದೆ."

ಕಾಲೇಜಿನ ಸಾಮಾನು ಎಂದರೆ ಒಂದು ಪುಟ್ಟ ಪೆಟ್ಟಿಗೆ. ಯಾವುದೋ ಕಾಲದಲ್ಲಿ ಭಾಷಣಕ್ಕೆ ಬಂದಿದ್ದ ವಿದೇಶಿ ವಿಜ್ಞಾನಿಯೊಬ್ಬರು ಕೊಟ್ಟುಹೋದದ್ದು. ಒಳಗೆ ಮಕಮಲ್ಲಿನ ಗುಳಿಗಳಲ್ಲಿ ಎರಡು ಗಾಜಿನ ಬಿಲ್ಲೆಗಳು. ಮೇಲಿನಿಂದ ನೋಡಿದರೆ ಕನ್ನಡಿಯಂತೆ ಹೊಳೆಯುತ್ತಿದ್ದವು. ಕಿಟಕಿಗೆ ಹಿಡಿದರೆ ಒಂದು ಕಡುಕೆಂಪು, ಇನ್ನೊಂದು ಹಸಿರು. ಸಾಮಾನ್ಯ ಬಣ್ಣದ ಗಾಜು ಕೆಂಪಿನ ಕುಟುಂಬವನ್ನೆಲ್ಲ ಒಳಗೆ ಬಿಡುತ್ತದೆ. ಈ ಬಿಲ್ಲೆ ಆ ಕುಟುಂಬದಲ್ಲಿ ಒಬ್ಬನನ್ನು ಮಾತ್ರ ಗುರುತು ಹಿಡಿದು ಬಿಡುತ್ತಿತ್ತು: ಕಾದ ಜಲಜನಕ ಹೊಮ್ಮಿಸುವ ಒಂದೇ ಒಂದು ಎಳೆಯ ಕೆಂಪು. ಹಸಿರು ಬಿಲ್ಲೆ ಅದೇ ರೀತಿ ಆಮ್ಲಜನಕದ್ದು. ಆರ್ದ್ರಾ ನಕ್ಷತ್ರದಿಂದ ಸ್ವಲ್ಪ ಪೂರ್ವಕ್ಕೆ ಆಕಾಶದಲ್ಲಿ ಒಂದು ತಾರಾಗುಚ್ಛವಿದೆ, ಅದರ ಸುತ್ತ ಗುಲಾಬಿಯಂತೆ ಅರಳಿದ ಒಂದು ನೀಹಾರಿಕೆಯಿದೆ. ನಡುವಿನ ಎಳೆಯ ನಕ್ಷತ್ರಗಳು ಸುತ್ತಲಿನ ಜಲಜನಕವನ್ನು ಬೆಳಗಿಸುತ್ತವೆ, ತಮ್ಮ ಹತ್ತಿರದ್ದನ್ನು ಊದಿ ಆಚೆ ತಳ್ಳುತ್ತವೆ. ಹೀಗಾಗಿ ಹೂವಿನ ನಡುವೆ ಒಂದು ಖಾಲಿ ಜಾಗ. ಚಂದ್ರನ ಎರಡರಷ್ಟು ಅಗಲವಿದ್ದರೂ ಬರಿಗಣ್ಣಿಗೆ ಅದು ಕಾಣುವುದಿಲ್ಲ. ಆ ಕೆಂಪು ಬಿಲ್ಲೆಯ ಮೂಲಕ, ಕೆಂಪಿಗೆ ಸ್ಪಂದಿಸುವ ಫಿಲ್ಮಿನ ಮೇಲೆ, ಬಹಳ ಹೊತ್ತು ಬೆಳಕು ಬಿಟ್ಟರೆ ಕಾಣುತ್ತದೆ. ಅಂಥ ಫಿಲ್ಮಿನ ಒಂದು ತುಂಡನ್ನು ಪುಣೆಯಲ್ಲಿ ಕಲಿಸಿದ ಗುರುಗಳು ವಾರಿಜಾಕ್ಷಿಗೆ ಕೊಟ್ಟಿದ್ದರು. ಪರೀಕ್ಷೆಗೆಂದು ಕೆಲವು ಚಿತ್ರ ತೆಗೆದ ಮೇಲೆ ಉಳಿದದ್ದು ಒಂದೇ ಚಿತ್ರಕ್ಕಾಗುವಷ್ಟು.

ಹಾಸ್ಟೆಲಿನಲ್ಲಿದ್ದುಕೊಂಡು ಕತ್ತಲಲ್ಲಿ ಹೊರಗೆ ತಿರುಗಲು ಅವಳಿಗೆ ಅನುಮತಿ ಇರಲಿಲ್ಲ. ಶುಕ್ರವಾರ ಕ್ಲಾಸು ಮುಗಿಸಿ ನಾಸಿಕದ ಎಸ್.ಟಿ. ಬಸ್ಸು ಹತ್ತಿದಳು.

*

ತಂದೆ ಮುದ್ದಣ್ಣನ ಹೋಟೆಲು ಸಾತಪುರದ ರಸ್ತೆಯಲ್ಲಿತ್ತು. ಪಾಳಿ ಬದಲಾಗುವ ಹೊತ್ತಿಗೆ ಕಾರ್ಖಾನೆಯವರ ಸೈಕಲ್ಲುಗಳು ಬಾಗಿಲಿಗೆ ಅಡ್ಡ ನಿಂತು ಒಳಗೆ ಬರುವವರಿಗೇ ದಾರಿ ಇರುತ್ತಿರಲಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕೂತು ಮುದ್ದಣ್ಣ ಮಗಳು ತಂದ ಬಿಲ್ಲೆಯನ್ನು ಬಲ್ಬಿಗೆ ಹಿಡಿದು ನೋಡಿದರು.

"ಇದು ಜರಡಿ ಅಂತ ಹೇಳು," ಎಂದರು. "ರವೆ ಬೇರೆ, ಹಿಟ್ಟು ಬೇರೆ."

"ಹೌದಪ್ಪ. ಬೆಳಕಿನ ಜರಡಿ. ಬಹಳ ಸಣ್ಣ ಕಣ್ಣಿನದ್ದು."

"ಸಣ್ಣ ಕಣ್ಣಿನ ಜರಡಿಯಲ್ಲಿ ಜಾಲಿಸಲಿಕ್ಕೆ ಹೊತ್ತು ಬೇಕು."

"ಅದಕ್ಕೇ ಒಂದು ಗಂಟೆ ಬೆಳಕು ಬಿಡಬೇಕು. ಅಷ್ಟು ಹೊತ್ತಿಗೆ ನಕ್ಷತ್ರಗಳು ಮುಂದೆ ಹೋಗಿರ್ತಾವೆ. ಕ್ಯಾಮೆರಾವನ್ನೂ ಅವುಗಳ ಹಿಂದೆಯೇ ತಿರುಗಿಸ್ತಾ ಇರಬೇಕು."

ತಿರುಗಿಸುವ ಸಾಧನವನ್ನು ಹೋಟೆಲಿನ ಹಳೆಯ ಬೆಂಚಿನಿಂದಲೇ ಮಾಡಿಸಿದ್ದಾಯಿತು. ಎರಡು ಹಲಗೆ, ಪುಸ್ತಕದ ರಟ್ಟಿನಂತೆ ಒಂದು ಬದಿಗೆ ಕೀಲು. ಕೀಲಿನ ಗೆರೆಯನ್ನು ಧ್ರುವ ನಕ್ಷತ್ರಕ್ಕೆ ಗುರಿಮಾಡಿ ಇಡಬೇಕು. ಕೆಳಗಿನ ಹಲಗೆಯಿಂದ ಒಂದು ಉದ್ದ ಬೋಲ್ಟು ಮೇಲಿನ ಹಲಗೆಯನ್ನು ತಳ್ಳುತ್ತದೆ. ಬೋಲ್ಟನ್ನು ನಿಮಿಷಕ್ಕೆ ಒಂದು ಸುತ್ತು ತಿರುಗಿಸಿದರೆ ಮೇಲಿನ ಹಲಗೆ, ಅದರ ಮೇಲಿನ ಕ್ಯಾಮೆರಾ, ಆಕಾಶದ ವೇಗದಲ್ಲೇ ಸಾಗುತ್ತವೆ. ಒಂದೇ ಸಲ ಪೂರ್ತಿ ಸುತ್ತಿದರೆ ಅಲುಗಾಡುತ್ತದೆ. ಹದಿನೈದು ಸೆಕೆಂಡಿಗೊಮ್ಮೆ ಕಾಲು ಸುತ್ತು. ಕ್ಯಾಮೆರಾ ಮತ್ತು ಅದರ ಉದ್ದ ಲೆನ್ಸು ಅವಳ ದೊಡ್ಡಮ್ಮನ ಮಗ ಸುಧಾಕರನದು; ರವಿವಾರ ಕಾರಂಜ ಎಂಬ ಚೌಕದ ಹತ್ತಿರ ಅವನದೊಂದು ಸ್ಟುಡಿಯೋ ಇತ್ತು.

ಸೆಕೆಂಡು ಎಣಿಸಿ ಹೇಳುವ ಕೆಲಸವನ್ನು ಹೋಟೆಲಿನ ಖಾಯಂ ಗಿರಾಕಿ ವೆಂಕಟರಮಣ ವಹಿಸಿಕೊಂಡಿದ್ದ. ಓಝರಿನ ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರ್. ಸೆಕೆಂಡು ಮುಳ್ಳಿನ ಗಡಿಯಾರ ಕಟ್ಟುವವನು. ವಾರಿಜಾಕ್ಷಿಯ ಕೈಯಲ್ಲಿದ್ದದ್ದು ಎಲ್ಲ ಹೆಂಗಸರದ್ದರಂತೆ ಪುಟ್ಟ ಗಡಿಯಾರ. ಅದರಲ್ಲಿ ಸೆಕೆಂಡು ಮುಳ್ಳು ಇರಲೇ ಇಲ್ಲ.

*

ಶನಿವಾರ ಸಂಜೆ ಹೋಟೆಲಿನ ತರಕಾರಿ ಟೆಂಪೋದಲ್ಲಿ ಹಲಗೆ, ಕ್ಯಾಮೆರಾ, ಒಂದು ದೊಡ್ಡ ಫ್ಲಾಸ್ಕ್ ಚಹಾ, ಮುದ್ದಣ್ಣ, ಅಡುಗೆಯ ಶೀನ, ಹೋಟೆಲಿನ ಇನ್ನೂ ಮೂವರು ಹೊರಟರು. ಇಷ್ಟು ಜನ ಯಾಕೆಂದು ವಾರಿಜಾಕ್ಷಿ ಕೇಳಿದಳು. ಶನಿವಾರ ಹೋಟೆಲಿನಲ್ಲಿ ಭಜನೆಯ ದಿನ. ಮುದ್ದಣ್ಣ ನಾಸಿಕಕ್ಕೆ ಬಂದ ಮೇಲೆ ಒಂದು ಶನಿವಾರವೂ ತಪ್ಪಿರಲಿಲ್ಲ. "ನಿನ್ನ ಕೆಲಸ ಮುಗಿದ ಮೇಲೆ ಹೊಲದಲ್ಲೇ ಎರಡು ಪದ ಹೇಳಿ ಬರುವ," ಎಂದರು. ಶೀನನ ಮಡಿಲಲ್ಲಿ ಬಟ್ಟೆಯಲ್ಲಿ ಸುತ್ತಿದ ತಾಳಗಳಿದ್ದವು.

ತರಕಾರಿ ಕೊಡುವ ಪಾಟೀಲರ ದ್ರಾಕ್ಷಿ ತೋಟದ ಪಕ್ಕದ ಬಯಲು. ಅಮಾವಾಸ್ಯೆ ಕಳೆದ ಮರುದಿನ. ನೂಲಿನಂಥ ಚಂದ್ರ ಆಗಲೇ ಮುಳುಗಿದ್ದ. ಉತ್ತರಕ್ಕೆ ತಗ್ಗಿನಲ್ಲಿ ಧ್ರುವ. ವಾರಿಜಾಕ್ಷಿ ಕೀಲನ್ನು ಹೊಂದಿಸಿದಳು, ಆರ್ದ್ರಾದಿಂದ ಪೂರ್ವಕ್ಕೆ ಅಳೆದು ಕ್ಯಾಮೆರಾ ತಿರುಗಿಸಿದಳು, ಕೆಂಪು ಬಿಲ್ಲೆ ಕೂರಿಸಿದಳು. ಎಲ್ಲ ಸಿದ್ಧವಾದಾಗ ಎಂಟು ಗಂಟೆ. ವೆಂಕಟರಮಣನ ಸುಳಿವಿಲ್ಲ. ಎರಡನೇ ಪಾಳಿಯವನೊಬ್ಬ ರಜೆ ಹಾಕಿದ್ದರಿಂದ ಅವನು ಅಲ್ಲೇ ಉಳಿಯಬೇಕಾಯಿತೆಂದು ಮರುದಿನ ತಿಳಿಯಿತು.

"ಯಾರ ಹತ್ರವಾದರೂ ಸೆಕೆಂಡು ಮುಳ್ಳಿನ ಗಡಿಯಾರ ಉಂಟಾ?" ಎಂದು ಅವಳು ಕೇಳಿದಳು.

"ಅನ್ನ ಬೆಂದದ್ದು ಗೊತ್ತಾಗ್ಲಿಕ್ಕೆ ಸೆಕೆಂಡು ಯಾಕೆ, ವಾರಿಜಕ್ಕ?" ಎಂದ ಶೀನ.

ಮುದ್ದಣ್ಣ ಗಂಟಲು ಸರಿಮಾಡಿಕೊಂಡರು. "ಮಗಾ, ನಮ್ಮ ನಿಧಾನದ ಭಜನೆ ಉಂಟಲ್ಲ, ವಿಠಲನದ್ದು. ನಾನೊಂದು ಸಾಲು ಹೇಳಿ, ಇವರು ಅದನ್ನು ತಿರುಗಿ ಹೇಳಿ, ಪಲ್ಲವಿಗೆ ಬರುವಾಗ ಎಷ್ಟು ಹೊತ್ತಾಗ್ತದೆ ನೋಡು. ಎಷ್ಟು ಸಲ ಹೇಳಿದರೂ ಅಷ್ಟೇ. ತಾಳ ಅಂದರೆ ತಾಳ."

ಅವಳು ನಕ್ಕಳು. ಆದರೆ ಟಾರ್ಚಿಗೆ ಕೆಂಪು ಕಾಗದ ಸುತ್ತಿ, ತನ್ನ ಪುಟ್ಟ ಗಡಿಯಾರದ ನಿಮಿಷದ ಮುಳ್ಳನ್ನು ನೋಡುತ್ತ ಅವರನ್ನು ಹಾಡಿಸಿಯೂ ನೋಡಿದಳು. ನಾಲ್ಕು ಸಲ ಪಲ್ಲವಿ ಬರುವಾಗ ಮುಳ್ಳು ಒಂದು ಗೆರೆ ದಾಟುತ್ತಿತ್ತು. ಹತ್ತು ನಿಮಿಷ ಪರೀಕ್ಷಿಸಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಬೋಲ್ಟಿಗೂ ಇಷ್ಟೇ ಬೇಕಿತ್ತು. ಒಂದು ಪಲ್ಲವಿಗೆ ಕಾಲು ಸುತ್ತು.

"ಅಪ್ಪ, ಶುರು ಮಾಡಿ. ಹೀಗೆಯೇ ಇರಲಿ," ಎಂದು ಲೆನ್ಸಿನ ಮುಚ್ಚಳ ತೆಗೆದಳು.

ಕತ್ತಲಿನಲ್ಲಿ ಐದು ಗಂಟಲುಗಳು ನಿಧಾನವಾಗಿ ಏಳುತ್ತ ಇಳಿಯುತ್ತ ಸಾಗಿದವು. ಪಲ್ಲವಿ ಬಂದಾಗಲೆಲ್ಲ ಅವಳ ಬೆರಳುಗಳು ಬೋಲ್ಟನ್ನು ಕಾಲು ಸುತ್ತು ತಿರುಗಿಸುತ್ತಿದ್ದವು. ಮೊದಮೊದಲು ಆಗಾಗ ಗಡಿಯಾರ ನೋಡುತ್ತಿದ್ದಳು, ಎಲ್ಲ ಸರಿಯಾಗಿತ್ತು. ನಡುವೆ ಪಾಟೀಲರು ಕೈಯಲ್ಲಿ ಕಂದೀಲು ಹಿಡಿದು, ಹೊಲದಲ್ಲಿ ದೇವರು ಬಂದನೇ ಎಂದು ನೋಡಲು ಬಂದರು. ಐದೂ ಜನ ಹಾಡುತ್ತಲೇ ಕೈಯಾಡಿಸಿ ಅವರನ್ನು ದೂರದಲ್ಲೇ ನಿಲ್ಲಿಸಿದರು. ಕಂದೀಲು ಆರಿಸಿ ಅವರೂ ಕೂತು ದನಿಗೂಡಿಸಿದರು. ವಿಠಲನ ಹೆಸರಿಗೆ ಮರಾಠಿ ಕನ್ನಡ ಭೇದವೇನಿದೆ! ಹೊಸ ದನಿ ಸೇರಿದ್ದೇ ಹಾಡಿಗೆ ಹುರುಪು ಬಂತು. ವಾರಿಜಾಕ್ಷಿಯೂ ತುಟಿಯಲ್ಲೇ ಹಾಡತೊಡಗಿದಳು. ತಲೆಯ ಮೇಲೆ ಕಣ್ಣಿಗೆ ಕಾಣದ ಹೂವೊಂದು ಕಣಕಣವಾಗಿ ತನ್ನ ಫಿಲ್ಮಿಗೆ ಇಳಿಯುತ್ತಿದೆ ಎಂದು ನೆನೆದಾಗ ಅವಳಿಗೆ ಗಡಿಯಾರ ನೋಡುವುದು ಮರೆತೇಹೋಯಿತು. ಗಂಟೆ ಒಂಬತ್ತೂಕಾಲಾಯಿತೆಂದು ಟೆಂಪೋದ ಚಾಲಕ ಕೂಗಿದಾಗಲೇ ಅವಳು ಮುಚ್ಚಳ ಹಾಕಿದ್ದು.

*

ಭಾನುವಾರ ಬೆಳಿಗ್ಗೆ ಸುಧಾಕರನ ಸ್ಟುಡಿಯೋದ ಕತ್ತಲಕೋಣೆ. ಒಳಗೆ ಕೆಂಪು ಬಲ್ಬು ಉರಿಯುತ್ತಿತ್ತು.

"ಸುಧಾಕರಣ್ಣ, ಅದನ್ನು ಆರಿಸು."

"ಕೆಂಪು ದೀಪಕ್ಕೆ ಏನೂ ಆಗುವುದಿಲ್ಲ ಮಾರಾಯ್ತಿ. ಹತ್ತು ವರ್ಷದಿಂದ ಇದೇ ದೀಪದಲ್ಲಿ ಪ್ರಿಂಟು ಹಾಕ್ತಾ ಇದ್ದೇನೆ."

"ನಿನ್ನ ಪ್ರಿಂಟಿನ ಕಾಗದಕ್ಕೆ ಕೆಂಪು ಕಾಣುವುದಿಲ್ಲ. ಈ ಫಿಲ್ಮಿಗೆ ಕಾಣುವುದೇ ಕೆಂಪು."

ಸುಧಾಕರ ಗೊಣಗುತ್ತ ಬಲ್ಬನ್ನೇ ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡ. ಕಡುಕತ್ತಲಲ್ಲಿ ಅವನ ಕೈಗಳು ತಡವರಿಸದೆ ಫಿಲ್ಮನ್ನು ದ್ರಾವಣದಲ್ಲಿ ಅದ್ದಿದವು, ತೊಳೆದವು. ಕೊನೆಗೆ ದೀಪ ಹಾಕಿ ನೆಗೆಟಿವನ್ನು ಬೆಳಕಿಗೆ ಹಿಡಿದಾಗ ವಾರಿಜಾಕ್ಷಿ ಹತ್ತಿರ ಬಗ್ಗಿದಳು. ನಡುವೆ ಕಡಲೆಬೇಳೆಯಷ್ಟು ಅಗಲದ ಬೂದುಬಣ್ಣದ ಒಂದು ಉಂಗುರ. ಅದರ ನಡುವಿನ ಖಾಲಿ ಜಾಗದಲ್ಲಿ ಕಪ್ಪು ಚುಕ್ಕಿಗಳ ಗೊಂಚಲು.

"ಬಂತು!" ಎಂದಳು. ಬಾಗಿಲಾಚೆ ಕಾಯುತ್ತಿದ್ದ ಮುದ್ದಣ್ಣ ಒಳಗೆ ನುಗ್ಗಿದರು.

ಭೂತಗನ್ನಡಿಯ ಕೆಳಗೆ ಇಟ್ಟಾಗ ಸಂತೋಷ ಅರ್ಧಕ್ಕೆ ಇಳಿಯಿತು. ಚುಕ್ಕಿಗಳು ಚುಕ್ಕಿಗಳಾಗಿರಲಿಲ್ಲ. ಪ್ರತಿಯೊಂದಕ್ಕೂ ದುಂಡನೆಯ ತಲೆ, ಪೂರ್ವದ ಕಡೆಗೆ ಸಣ್ಣದಾಗುತ್ತ ಹೋದ ಒಂದು ಬಾಲ.

"ಇದೆಂತ, ಗೊದಮೊಟ್ಟೆಗಳಾ?" ಎಂದರು ಮುದ್ದಣ್ಣ.

ವಾರಿಜಾಕ್ಷಿ ಬಹಳ ಹೊತ್ತು ನೋಡಿದಳು. ತಲೆ ದುಂಡಗಿದೆ ಎಂದರೆ ಅರ್ಧ ಹೊತ್ತು ಎಲ್ಲ ಸರಿಯಾಗಿಯೇ ನಡೆದಿದೆ. ಆಮೇಲೆ ಬೋಲ್ಟು ಮೆಲ್ಲಮೆಲ್ಲನೆ ಆಕಾಶಕ್ಕಿಂತ ಮುಂದೆ ಓಡಿದೆ. ಬೋಲ್ಟು ತಾನಾಗಿ ಓಡಲಿಲ್ಲ. ಪಲ್ಲವಿ ಓಡಿತು.

"ಅಪ್ಪ, ಪಾಟೀಲರು ಬಂದ ಮೇಲೆ ನೀವು ಜೋರು ಮಾಡಿದಿರಾ?"

"ಜೋರಾ? ನಾನಾ? ತಾಳ ಶೀನನ ಕೈಯಲ್ಲಿ ಇದ್ದದ್ದು."

ಬಾಗಿಲ ಬಳಿ ನಿಂತಿದ್ದ ಶೀನನಿಗೆ ಕೋಪ ಬಂತು. "ಧನಿಗಳೇ, ನೀವು ಏರಿಸಿದಿರಿ, ನಾನು ಹಿಂದಿನಿಂದ ಬಂದೆ. ಭಜನೆ ಅಂದರೆ ಏರಲೇಬೇಕಲ್ಲ? ಕಡೆಯ ತನಕ ಇಟ್ಟಲ್ಲೇ ಇದ್ದರೆ ಅದು ಭಜನೆಯಾ, ಮಗ್ಗಿಯಾ?"

ಅವನ ಮಾತು ಸರಿಯಾಗಿಯೇ ಇತ್ತು. ಹುಟ್ಟಿದಂದಿನಿಂದ ಶನಿವಾರ ಶನಿವಾರ ಅವಳು ಕೇಳಿದ ಪ್ರತಿ ಭಜನೆಯೂ ನಿಧಾನವಾಗಿ ಹೊರಟು ವೇಗವಾಗಿ ಮುಗಿದದ್ದೇ. ತೊಟ್ಟಿಲಲ್ಲಿದ್ದಾಗಲೇ ತಿಳಿದಿದ್ದ ಈ ಸಂಗತಿಯನ್ನು ಪ್ರಯೋಗಕ್ಕೆ ನಿಂತಾಗ ಮರೆತಳು. ಗಂಟಲು ಬಿಸಿಯಾಗುವ ಮೊದಲಿನ ಹತ್ತು ನಿಮಿಷವನ್ನು ಅಳೆದು, ಆ ಅಳತೆಯನ್ನು ಇಡೀ ಗಂಟೆಗೆ ನಂಬಿದಳು. ಇದೇ ತಪ್ಪನ್ನು ಪ್ರಾಯೋಗಿಕ ಪರೀಕ್ಷೆಯಲ್ಲಿ ಯಾವ ಹುಡುಗಿ ಮಾಡಿದ್ದರೂ ಅವಳು ಅಂಕ ಕತ್ತರಿಸುತ್ತಿದ್ದಳು. ಹಾಗೆ ಯೋಚಿಸುತ್ತಿದ್ದಂತೆ ಅವಳಿಗೆ ನಗು ಬಂತು; ನಗುವಿನ ಹಿಂದೆಯೇ ಸೋಮವಾರ ನೆನಪಾಯಿತು. ಫಿಲ್ಮು ಮುಗಿದಿತ್ತು. ಇನ್ನೊಂದು ಸಲ ಎಂಬುದಿರಲಿಲ್ಲ.

"ಕೋಣೆ ಹೋಯ್ತು ಅಂತಾಯ್ತಾ?" ಎಂದು ಮುದ್ದಣ್ಣ ಮೆಲ್ಲಗೆ ಕೇಳಿದರು.

"ಒಳ್ಳೆಯ ಫೋಟೋ ತಾ ಅಂದಿದ್ದಾರೆ. ಇದು ಒಳ್ಳೆಯದೋ ಅಲ್ಲವೋ ಅವರು ಹೇಳಬೇಕು."

ಸಂಜೆ ಬಸ್ಸಿಗೆ ಹೊರಡುವಾಗ ಸುಧಾಕರ ಒಂದು ಲಕೋಟೆ ತಂದುಕೊಟ್ಟ. ಒಳಗೆ ಒಂದಲ್ಲ, ಎರಡು ದೊಡ್ಡ ಪ್ರಿಂಟು. ಒಂದು ಇದ್ದದ್ದು ಇದ್ದ ಹಾಗೆ: ಕಪ್ಪು ಆಕಾಶದಲ್ಲಿ ಮಸುಕಾದ ಉಂಗುರ, ಬಾಲವಿರುವ ಬಿಳಿ ಚುಕ್ಕಿಗಳು. ಇನ್ನೊಂದನ್ನು ನೋಡಿ ಅವಳು ಬೆಚ್ಚಿದಳು. ನಕ್ಷತ್ರಗಳೆಲ್ಲ ಮುತ್ತಿನಂತೆ ದುಂಡು. ಉಂಗುರದ ಅಂಚಿಗೆ ಅಲ್ಲಲ್ಲಿ ನೆರಳು ಕೊಟ್ಟು ಎಸಳು ಎಸಳಾಗಿ ತಿದ್ದಿದೆ. ನಿಜವಾದ ಗುಲಾಬಿ.

"ಇದೇನು ಮಾಡಿದೆ ಅಣ್ಣ!"

"ಟಚ್ಚಿಂಗ್. ನಮ್ಮ ಸ್ಟುಡಿಯೋದಿಂದ ಟಚ್ಚಿಂಗ್ ಮಾಡದೆ ಒಂದು ಫೋಟೋ ಹೊರಗೆ ಹೋಗುವುದಿಲ್ಲ," ಎಂದ ಸುಧಾಕರ, ಬಣ್ಣವಾದ ಬೆರಳುಗಳನ್ನು ಒರೆಸಿಕೊಳ್ಳುತ್ತ. "ಮದುಮಗಳ ಮೊಡವೆ ತೆಗೀತೇವೆ, ಮದುಮಗನ ತಲೆಗೆ ಕೂದಲು ಹಾಕ್ತೇವೆ. ನಿನ್ನ ನಕ್ಷತ್ರದ ಬಾಲ ತೆಗೆದದ್ದು ದೊಡ್ಡದಾ? ಮಧ್ಯಾಹ್ನದ ಊಟ ಬಿಟ್ಟು ಕೂತಿದ್ದೇನೆ."

ಅವಳು ಎರಡನ್ನೂ ಲಕೋಟೆಗೆ ಸೇರಿಸಿಕೊಂಡು ಬಸ್ಸು ಹತ್ತಿದಳು.

ಬಸ್ಸಿನಲ್ಲಿ ದೀಪವಿದ್ದಷ್ಟು ಹೊತ್ತೂ ಎರಡು ಪ್ರಿಂಟುಗಳನ್ನು ಬದಲಿಸಿ ಬದಲಿಸಿ ನೋಡಿದಳು. ಪಕ್ಕದಲ್ಲಿ ಖುಲ್ತಾಬಾದಿಗೆ ಹೋಗುವ ಅಜ್ಜಿಯೊಬ್ಬರು ಕೂತಿದ್ದರು. ತಿದ್ದಿದ್ದನ್ನು ನೋಡಿ "ರಂಗೋಲಿ ಬಹಳ ಚೆನ್ನಾಗಿದೆ, ಮಗಳೇ," ಎಂದರು. ಇನ್ನೊಂದನ್ನು ನೋಡಿ ಏನೂ ಹೇಳದೆ ಒಂದು ಹಿಡಿ ಕಡಲೆಕಾಯಿ ಕೊಟ್ಟರು.

ಬಾಲ ತೆಗೆದದ್ದರಲ್ಲಿ ಸುಳ್ಳೇನಿದೆ ಎಂದು ಅವಳು ತನ್ನೊಂದಿಗೇ ವಾದಿಸಿದಳು. ಆಕಾಶದಲ್ಲಿರುವ ನಕ್ಷತ್ರಗಳಿಗೆ ಬಾಲವಿಲ್ಲ. ಹಾಗೆ ನೋಡಿದರೆ ತಿದ್ದಿದ ಚಿತ್ರವೇ ಆಕಾಶಕ್ಕೆ ಹತ್ತಿರ. ಆದರೆ ಎಸಳು? ಆ ಎಸಳುಗಳು ಆಕಾಶದವಲ್ಲ, ಸುಧಾಕರಣ್ಣನ ಕುಂಚದವು. ಯಾವ ಚುಕ್ಕಿ ಬೆಳಕಿನದು, ಯಾವುದು ಬಣ್ಣದ್ದು ಎಂದು ನಾಳೆ ತನಗೇ ಹೇಳಲು ಬರುವುದಿಲ್ಲ. ಯೇವಲೆ ದಾಟುವಾಗ ಬಸ್ಸಿನ ದೀಪ ಆರಿತು. ವಾದ ತೀರ್ಮಾನವಾಗದೆ ಉಳಿಯಿತು.

*

ಸೋಮವಾರ ಪ್ರಿನ್ಸಿಪಾಲರ ಕೋಣೆಯಲ್ಲಿ ಸರೋಜಿನಿ ಆಗಲೇ ಕೂತಿದ್ದಳು. ಹೊರಗೆ ವರಾಂಡದಲ್ಲಿ ಮೇಜು ಹೊರಲು ಇಬ್ಬರು ಜವಾನರು ಅಂಗಿಯ ತೋಳು ಮಡಚಿ ನಿಂತಿದ್ದರು.

"ಹೂ ಅರಳಿತೇನ್ರಿ?" ಎಂದು ಸರೋಜಿನಿ ಪಿಸುಗುಟ್ಟಿದಳು.

"ಸ್ವಲ್ಪ ಬಾಡಿದೆ."

ಲಕೋಟೆಯೊಳಗೆ ಕೈಹಾಕಿದಾಗ ಬೆರಳಿಗೆ ಮೊದಲು ತಾಗಿದ್ದು ಸುಧಾಕರ ತಿದ್ದಿದ ಪ್ರಿಂಟು. ಬಣ್ಣ ಒಣಗಿ ಅದರ ಮೈ ತುಸು ತರಿಯಾಗಿತ್ತು. ಒಂದು ಕ್ಷಣ ಕೈ ಅಲ್ಲೇ ನಿಂತಿತು. ವಾರಿಜಾಕ್ಷಿ ಅದರ ಕೆಳಗಿನದನ್ನು ಎಳೆದು ಮೇಜಿನ ಮೇಲಿಟ್ಟಳು.

ಸುಶೀಲಾಬಾಯಿ ಕನ್ನಡಕ ಏರಿಸಿ ನೋಡಿದರು. "ಕ್ಯಾಮೆರಾ ಅಲುಗಾಡಿದೆ," ಎಂದರು. "ಇರಲಿ. ನನ್ನ ಅನುಮಾನ ಬೇರೆ. ಈ ಉಂಗುರವನ್ನು ನಾನು ಬಲ್ಲೆ. ಡೆವಲಪರ್ ದ್ರಾವಣದ ಹನಿ ಬಿದ್ದು ಒಣಗಿದರೆ ಫಿಲ್ಮಿನ ಮೇಲೆ ಇಂಥದ್ದೇ ಉಂಗುರವಾಗುತ್ತದೆ. ನಡುವೆ ತಿಳಿ, ಅಂಚು ದಟ್ಟ. ಇದು ಕಲೆಯಲ್ಲ, ಆಕಾಶದ್ದೇ ಎಂದು ಹೇಗೆ ಹೇಳುತ್ತೀ?"

ವಾರಿಜಾಕ್ಷಿ ಚೀಲದಿಂದ ಭೂತಗನ್ನಡಿ ತೆಗೆದಳು. ಪುಸ್ತಕದಲ್ಲಿರುವ ಚಿತ್ರ ತೋರಿಸಬಹುದಿತ್ತು. ಅದು ಪುಸ್ತಕದ ಸಾಕ್ಷಿಯಾಗುತ್ತಿತ್ತು, ಈ ಫಿಲ್ಮಿನದಲ್ಲ. ಅವಳು ಪ್ರಿಂಟನ್ನು ತನ್ನ ಕಡೆ ತಿರುಗಿಸಿಕೊಂಡು ಭೂತಗನ್ನಡಿ ಹಿಡಿದಳು. ಬಾಲಗಳು ಅವಳನ್ನು ಅಣಕಿಸುತ್ತಿದ್ದವು. ಎಲ್ಲವೂ ಒಂದೇ ದಿಕ್ಕಿಗೆ, ಎಲ್ಲವೂ ಒಂದೇ ಉದ್ದ. ಕನ್ನಡಿ ನಿಧಾನವಾಗಿ ಉಂಗುರದ ಮೇಲೆ ಸರಿಯಿತು. ಉಂಗುರದ ಒಳಅಂಚು ಉತ್ತರಕ್ಕೂ ದಕ್ಷಿಣಕ್ಕೂ ಗೆರೆ ಕೊರೆದಂತೆ ಸ್ಪಷ್ಟ. ಪೂರ್ವ ಪಶ್ಚಿಮಕ್ಕೆ ಮಾತ್ರ ಕಲಸಿಹೋಗಿತ್ತು. ಎಷ್ಟು ಕಲಸಿತ್ತು? ಒಂದು ಬಾಲದ ಉದ್ದದಷ್ಟು.

ಅವಳು ತಲೆಯೆತ್ತಿದಾಗ ಮುಖ ಬೆಳಗಿತ್ತು.

"ಕಲೆಗೆ ಭಜನೆ ಗೊತ್ತಿಲ್ಲ, ಮ್ಯಾಡಮ್."

"ಏನಂದಿ?"

ಆಗ ಎಲ್ಲವನ್ನೂ ಹೇಳಬೇಕಾಯಿತು: ಹಲಗೆ, ಬೋಲ್ಟು, ಬಾರದ ವೆಂಕಟರಮಣ, ಪಲ್ಲವಿಗೊಮ್ಮೆ ಕಾಲು ಸುತ್ತು, ಪಾಟೀಲರ ದನಿ ಸೇರಿ ಏರಿದ ಹುರುಪು. ಸರೋಜಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. "ಕ್ಯಾಮೆರಾ ಆಕಾಶವನ್ನು ನೋಡುತ್ತಿದ್ದಾಗ ಈ ಬಾಲ ಬಂತು," ಎಂದು ವಾರಿಜಾಕ್ಷಿ ಮುಗಿಸಿದಳು. "ಆಕಾಶದಿಂದ ಬಂದ ಬೆಳಕಿಗೆಲ್ಲ ಅದು ಬಂದೇ ಬರಬೇಕು. ಫಿಲ್ಮು ತೊಳೆಯುವಾಗ ಬಿದ್ದ ಕಲೆಗೆ ಬರುವುದಕ್ಕೆ ಸಾಧ್ಯವಿಲ್ಲ. ಉಂಗುರಕ್ಕೂ ಬಂದಿದೆ. ಅದೇ ದಿಕ್ಕು, ಅಷ್ಟೇ ಉದ್ದ. ಇಲ್ಲಿ ಮೂಲೆಯಲ್ಲಿ ಒಂದು ಚುಕ್ಕಿಯಿದೆ ನೋಡಿ, ದುಂಡಗೆ. ಅದಕ್ಕೆ ಬಾಲವಿಲ್ಲ. ಅದು ನಕ್ಷತ್ರವಲ್ಲ, ಧೂಳು."

ಸುಶೀಲಾಬಾಯಿ ಕನ್ನಡಿ ತೆಗೆದುಕೊಂಡು ನೋಡಿದರು. ಕಣ್ಣು ಕಿರಿದು ಮಾಡಿ ಮತ್ತೆ ನೋಡಿದರು. "ನನ್ನ ಕಣ್ಣಿಗೆ ಇಷ್ಟು ಸೂಕ್ಷ್ಮ ತಿಳಿಯುವುದಿಲ್ಲ," ಎಂದು ಕನ್ನಡಿಯನ್ನು ಸರೋಜಿನಿಯ ಕಡೆ ಚಾಚಿದರು. "ಚೆಂಡು ಮೇಜಿನ ಅಂಚಿಗೆ ತಾಗಿತೋ ಇಲ್ಲವೋ ಎಂದು ಹೇಳುವ ಕಣ್ಣು ನಿನ್ನದು. ನೀನು ನೋಡು."

ವಾರಿಜಾಕ್ಷಿ ಗೆಳತಿಯ ಬೈತಲೆಯನ್ನೇ ನೋಡುತ್ತ ಕೂತಳು. ಬಾಗಿಲಾಚೆ ಜವಾನನೊಬ್ಬ ಮೇಜಿನ ತುದಿ ಎತ್ತಿ ಭಾರ ನೋಡುತ್ತಿದ್ದ. ಸರೋಜಿನಿಗೆ 'ಗೊತ್ತಾಗಲಿಲ್ಲ' ಎಂದರೆ ಸಾಕಿತ್ತು. ಯಾರೂ ತಪ್ಪು ಹೇಳುತ್ತಿರಲಿಲ್ಲ.

ಸರೋಜಿನಿ ಪ್ರಿಂಟನ್ನು ಉದ್ದಕ್ಕೆ ಹಿಡಿದು ನೋಡಿದಳು, ಅಡ್ಡಕ್ಕೆ ಹಿಡಿದು ನೋಡಿದಳು. ಕನ್ನಡಿ ಕೆಳಗಿಟ್ಟು ನಿಟ್ಟುಸಿರು ಬಿಟ್ಟಳು.

"ಮೇಲೆ ಕೆಳಗೆ ಅಂಚು ನೆಟ್ಟಗಿದೆ. ಈಚೆಗೆ ಆಚೆಗೆ ಕಲಸಿದೆ. ಅವರು ಹೇಳಿದ್ದು ಖರೆ, ಮ್ಯಾಡಮ್." ಮತ್ತೆ ವಾರಿಜಾಕ್ಷಿಯ ಕಡೆ ತಿರುಗಿ ಕನ್ನಡದಲ್ಲಿ, "ಪಾಯಿಂಟ್ ನಿಮ್ಮದರಿ," ಎಂದಳು.

ಸುಶೀಲಾಬಾಯಿಯ ದೃಷ್ಟಿ ಲಕೋಟೆಯ ಮೇಲೆ ಬಿತ್ತು. "ಅದರಲ್ಲಿ ಇನ್ನೇನೋ ಇದೆಯಲ್ಲ?"

ಬೇರೆ ದಾರಿಯಿಲ್ಲದೆ ವಾರಿಜಾಕ್ಷಿ ಗುಲಾಬಿಯನ್ನೂ ತೆಗೆದಿಟ್ಟಳು. "ಇದು ನನ್ನ ಅಣ್ಣನ ಕೈಕೆಲಸ."

ಪ್ರಿನ್ಸಿಪಾಲರು ಮೊದಲ ಸಲ ನಕ್ಕರು. "ಎಷ್ಟು ಚೆಂದ! ಇದನ್ನೇ ಮೊದಲು ಕೊಟ್ಟಿದ್ದರೆ ನಾನು ತಕ್ಷಣ ಇದು ಹನಿಯ ಕಲೆ, ಅದರ ಮೇಲೆ ಬಣ್ಣ ಎಂದು ಹೇಳಿ ಮೇಜನ್ನು ಮೇಲೆ ಕಳಿಸುತ್ತಿದ್ದೆ." ಗುಲಾಬಿಯನ್ನು ಹಿಂದಕ್ಕೆ ಕೊಟ್ಟು, ಬಾಲಗಳಿದ್ದ ಪ್ರಿಂಟನ್ನು ತಮ್ಮ ಮೇಜಿನ ಗಾಜಿನ ಕೆಳಗೆ ಸೇರಿಸಿದರು. "ಕೋಣೆ ಭೌತಶಾಸ್ತ್ರಕ್ಕೆ."

ಇಬ್ಬರೂ ಎದ್ದು ಹೊರಗೆ ಬಂದರು. ವರಾಂಡದಲ್ಲಿ ಹಸಿರು ಮೇಜು ಗೋಡೆಗೆ ಒರಗಿ ನಿಂತಿತ್ತು. ಸರೋಜಿನಿ ಅದರ ಮೇಲೆ ಕೈಯಾಡಿಸಿದಳು. ವಾರಿಜಾಕ್ಷಿಗೆ ತಾನು ಗೆದ್ದ ಕೋಣೆ ಯಾಕೋ ಅಗತ್ಯಕ್ಕಿಂತ ದೊಡ್ಡದೆನಿಸಿತು.

"ಸರೋಜಿನಿ, ಈ ಮೇಜು ಮಡಚಲು ಬರ್ತದಾ?"

ಸರೋಜಿನಿ ಅವಳ ಮುಖವನ್ನೇ ನೋಡಿದಳು. "ಎರಡು ಹೋಳು ಐತಿ. ಮಡಚಿದ್ರ ಗ್ವಾಡಿಗೆ ಹತ್ತಿ ನಿಲ್ಲತೈತಿ."

"ಹಾಗಾದರೆ ಸಂಜೆ ಆರಕ್ಕೆ ಮಡಚಿಬಿಡಬೇಕು."

"ಏಳಕ್ಕರಿ. ಹುಡುಗ್ಯಾರು ಕ್ಲಾಸು ಮುಗಿಸಿ ಬರೋದ ಐದಕ್ಕ."

"ಏಳಕ್ಕೆ ಆಗುವುದಿಲ್ಲ. ಆರೂವರೆ."

"ಬ್ಯಾಸಿಗಿಯಾಗ ಏಳಕ್ಕೂ ಬೆಳಕ ಇರತೈತಲ್ರಿ!"

ವಾರಿಜಾಕ್ಷಿ ಯೋಚಿಸಿದಳು. ಈ ಸಲ ಹತ್ತು ನಿಮಿಷದ ಅಳತೆಯಿಂದ ವರ್ಷವಿಡೀ ನಿಯಮ ಮಾಡುವ ತಪ್ಪು ಬೇಡವೆನಿಸಿತು. "ಸೂರ್ಯ ಮುಳುಗುವ ಹೊತ್ತಿಗೆ," ಎಂದಳು. "ಚಳಿಗಾಲದಲ್ಲಿ ಬೇಗ, ಬೇಸಿಗೆಯಲ್ಲಿ ತಡ. ಮಳೆಗಾಲವಿಡೀ ನಿಮ್ಮದೇ."

"ಮಳಿಗಾಲ ಪೂರ್ತಿ?"

"ಮೋಡದಲ್ಲಿ ನಾನೇನು ನೋಡಲಿ?"

ಸರೋಜಿನಿ ಜವಾನರನ್ನು ಕೂಗಿ ಕರೆದಳು. ಮೇಜಿನ ಒಂದು ಹೋಳನ್ನು ಅವರು ಹೊತ್ತರು. ಇನ್ನೊಂದಕ್ಕೆ ಇಬ್ಬರು ಅಧ್ಯಾಪಕಿಯರೇ ಆಚೆ ತುದಿ ಈಚೆ ತುದಿ ಕೈಹಾಕಿ, ಮೆಟ್ಟಿಲ ತಿರುವಿನಲ್ಲಿ ಹೇಗೆ ತಿರುಗಿಸಬೇಕೆಂದು ಜಗಳವಾಡುತ್ತ ಮಾಳಿಗೆಗೆ ಹೊರಟರು.